ಕಾಲು ನಿಮಿಷಕ್ಕೆ ನಲವತ್ತೊಂದು

9 ಸೆಪ್ಟೆಂಬರ್ 1941, ಮಂಗಳವಾರ. ಪೋರ್ತೊಲಾಗೊ

ಇಂದಿನ ರೋಮ್ ರೇಡಿಯೊ ವಾರ್ತೆಯಲ್ಲಿ ಅಲೆಕ್ಸಾಂಡ್ರಿಯದ ಇಂಗ್ಲಿಷ್ ಮಹಾನೌಕೆಯೊಂದನ್ನು ಮತ್ತೆ ಮುಳುಗಿಸಿದರು. ಈ ಒಂದೇ ಹಡಗು ಮುಳುಗುತ್ತಿರುವುದು ಇದು ಮೂರನೆಯ ಸಲ. ನನ್ನ ಹತ್ತಿರ ತಾರೀಕುಗಳಿವೆ. ನೌಕಾನೆಲೆಯ ಊಟದ ಮೇಜಿನಲ್ಲಿ ಅದನ್ನು ಹೇಳಿದರೆ ಎಲ್ಲರೂ ನಕ್ಕರು. ನಗುವುದಕ್ಕೇನಿದೆ? 1911ರಲ್ಲಿ, ನನಗೆ ಹದಿಮೂರು ವರ್ಷ, ಟ್ರಿಪೋಲಿ ಹೂವಿನ ಹಾಗೆ ಕೈಗೆ ಬಿದ್ದಿದೆ ಎಂದು ಲಿವೋರ್ನೊದ ಪತ್ರಿಕೆಗಳು ಬರೆದಿದ್ದವು. ನಮ್ಮ ಬೀದಿಯಿಂದ ಆ ಯುದ್ಧಕ್ಕೆ ಹೋದ ಐವರಲ್ಲಿ ಇಬ್ಬರು ಮರಳಿದರು. 1917ರ ಸೋಲಿನಲ್ಲೂ ಹಾಗೆಯೇ. ಸುಳ್ಳು ಹೇಳುವವರಿಗೆ ನಾವು ಮರೆಯುತ್ತೇವೆ ಎಂಬ ಧೈರ್ಯ. ನಾನು ಮರೆಯುವುದಿಲ್ಲ. ಇಪ್ಪತ್ತು ವರ್ಷ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟಿದವನು ನಾನು, ಕಟ್ಟಿದ್ದನ್ನೆಲ್ಲ ಓದಿದ್ದೇನೆ.

ಈಗ ನನ್ನ ಕೆಲಸ ಕೇಳುವುದು. ಓಂಬ್ರಿನಾ ಎಂಬ ಈ ಜಲಾಂತರ್ಗಾಮಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನೀರಿನ ಸದ್ದು ಆಲಿಸುತ್ತೇನೆ. ನಲವತ್ತಮೂರು ವರ್ಷ, ದೋಣಿಯಲ್ಲಿ ಎಲ್ಲರಿಗಿಂತ ಹಿರಿಯ, ಅದಕ್ಕೇ ‘ಅಜ್ಜ’ ಎಂದು ಕರೆಯುತ್ತಾರೆ. ಕಮಾಂಡರ್ ಲೊಡೊವಿಕೊ ತಾಸ್ಕಾ ಒಬ್ಬರೇ ‘ಪ್ರಾಟಿ’ ಎಂದು ಹೆಸರು ಹಿಡಿದು ಕರೆಯುತ್ತಾರೆ. ಅವರಿಗಿನ್ನೂ ಮೂವತ್ತೊಂದು.

ಓಡುವ ಹಡಗಿಗೆ ಟಾರ್ಪೆಡೊ ಬಿಡುವಾಗ ಹಡಗಿಗೆ ಗುರಿ ಇಡಬಾರದು. ಅದು ಒಂದೂವರೆ ನಿಮಿಷದ ಮೇಲೆ ಬಂದು ಮುಟ್ಟಲಿರುವ ಖಾಲಿ ನೀರಿಗೆ ಗುರಿ ಇಡಬೇಕು. ಅದಕ್ಕೆ ಹಡಗಿನ ವೇಗ ಗೊತ್ತಿರಬೇಕು. ಕಮಾಂಡರ್ ಪೆರಿಸ್ಕೋಪನ್ನು ಐದು ಸೆಕೆಂಡಿಗಿಂತ ಹೆಚ್ಚು ಮೇಲೆತ್ತುವಂತಿಲ್ಲ. ಆದ್ದರಿಂದ ಹಡಗಿನ ಪ್ರೊಪೆಲ್ಲರ್ ಕಾಲು ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಂದು ನಾನು ಎಣಿಸಿ ಹೇಳುತ್ತೇನೆ. ರೋಮಿನಿಂದ ಬಂದ ಕೋಷ್ಟಕದಲ್ಲಿ ಅಷ್ಟು ಬಡಿತಕ್ಕೆ ಇಷ್ಟು ವೇಗ ಎಂದು ಬರೆದಿದೆ. ಐವತ್ತೈದು ಬಡಿತಕ್ಕೆ ಹದಿನೆಂಟು ನಾಟ್, ಹೀಗೆ.

ನಾಳೆ ಹೊರಡುತ್ತೇವೆ.

17 ಸೆಪ್ಟೆಂಬರ್, ಬುಧವಾರ. ಕ್ರೀಟ್‌ನ ದಕ್ಷಿಣಕ್ಕೆ

ಬೆಳಿಗ್ಗೆ ಒಂಬತ್ತಕ್ಕೆ ಸಿಕ್ಕಿತು. ಮಹಾನೌಕೆ, ಸುತ್ತ ಆರು ಬೆಂಗಾವಲು ಹಡಗುಗಳು. ಐವತ್ತೈದು ಬಡಿತ, ಮುತ್ತಿನ ಹಾಗೆ ಒಂದೊಂದೂ ಬೇರೆ ಬೇರೆ. ಅದರ ವೇಗ ಹದಿನೆಂಟು. ನೀರಿನಡಿಯಲ್ಲಿ ನಮ್ಮದು ಎಂಟು, ಅದೂ ಒಂದು ಗಂಟೆ ಮಾತ್ರ. ಆಮೇಲೆ ಬ್ಯಾಟರಿ ಸತ್ತಂತೆ. ಬೆನ್ನಟ್ಟಿ ಹಿಡಿಯುವ ಮಾತೇ ಇಲ್ಲ. ಅದು ಬರುವ ದಾರಿಯಲ್ಲಿ ಮೊದಲೇ ನಾವಿರಬೇಕು. ನಾವಿರುವ ಕಡೆಗೆ ಅದೇ ಬರಬೇಕು. ಅದಾದರೋ ಏಳೆಂಟು ನಿಮಿಷಕ್ಕೊಮ್ಮೆ ದಿಕ್ಕು ಬದಲಿಸುತ್ತದೆ.

ನಾಲ್ಕು ಸಾವಿರ ಮೀಟರ್ ದೂರದಿಂದ ಒಂದೇ ಟಾರ್ಪೆಡೊ ಬಿಟ್ಟೆವು. ಒಂದೇ! ಒಂದು ಗುರಿಗೆ ಒಂದು ಎಂದು ಮೇಲಿನವರ ಅಪ್ಪಣೆ. ಇಂಗ್ಲಿಷರೂ ಜರ್ಮನ್ನರೂ ಬೀಸಣಿಗೆಯ ಹಾಗೆ ನಾಲ್ಕು ಬಿಡುತ್ತಾರೆ. ನಮ್ಮವರಿಗೆ ಮೂವತ್ತು ಸಾವಿರ ಟನ್ನಿನ ಹಡಗು ಮೊಲದ ಹಾಗೆ ಕಾಣುತ್ತದೆ. ಸಮುದ್ರ ಗಾಜಿನಂತಿತ್ತು, ಟಾರ್ಪೆಡೊದ ಬಿಳಿ ಗೆರೆ ಕಂಡು ಹಡಗು ಸರಿದುಕೊಂಡಿತು.

ಆಮೇಲೆ ಬಾಂಬು. ಬೆಂಗಾವಲು ಹಡಗು ತಲೆಯ ಮೇಲೆ ಬಂದಾಗ ನಾನು ಹೆಡ್‌ಫೋನ್ ತೆಗೆಯಬೇಕು, ಅದು ನಿಯಮ. ಆದರೆ ಎರಡನೆಯದು ಯಾವ ಕಡೆಯಿಂದ ಬರುತ್ತಿದೆ ಎಂದು ಕಮಾಂಡರ್ ಕೇಳುತ್ತಿದ್ದರು. ತೆಗೆದರೆ ಹೇಳುವವರು ಯಾರು? ತೆಗೆಯಲಿಲ್ಲ. ಎಡದಿಂದ ಎಂದೆ, ನಾವು ಬಲಕ್ಕೆ ತಿರುಗಿದೆವು. ಬದುಕಿದ್ದೇವೆ.

19 ಸೆಪ್ಟೆಂಬರ್

ತಲೆಯೊಳಗೆ ಜೀರುಂಡೆ. ಬರೆಯಲು ಬೇಸರ.

28 ಸೆಪ್ಟೆಂಬರ್, ಭಾನುವಾರ. ಪೋರ್ತೊಲಾಗೊ

ಜೀರುಂಡೆ ನಿಂತಿದೆ. ವೈದ್ಯರು ಬಾಯಿ ತೆರೆಸಿ ನೋಡಿ ‘ಚೆನ್ನಾಗಿದ್ದೀರಿ’ ಎಂದರು. ಕಿವಿಗೆ ಬಾಯಿ ನೋಡುವ ವೈದ್ಯ! ಈ ನೌಕಾದಳದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಕೈಗಡಿಯಾರ ನಿಂತಿತ್ತು. ಪೇಟೆಯ ಗ್ರೀಕ್ ರಿಪೇರಿಯವನಿಗೆ ಕೊಟ್ಟೆ. ಕಿವಿಗೆ ಹಿಡಿದುಕೊಂಡು ನೋಡಿ, ನಗುತ್ತ ಹಿಂದಕ್ಕೆ ಕೊಟ್ಟ. “ಏನೂ ಆಗಿಲ್ಲ ಇದಕ್ಕೆ, ಓಡ್ತಾ ಇದೆ” ಎಂದ. ಮುಳ್ಳು ನೋಡಿದರೆ ನಿಜ, ಓಡುತ್ತಿತ್ತು. ದಾರಿಯಲ್ಲಿ ಕುಲುಕಾಡಿ ಸರಿಹೋಗಿರಬೇಕು.

ಹುಡುಗರು ಈಚೆಗೆ ಬಾಯೊಳಗೇ ಮಾತಾಡುತ್ತಾರೆ. ಇಪ್ಪತ್ತು ವರ್ಷದಿಂದ ಈ ದೇಶದಲ್ಲಿ ಪಿಸುಗುಟ್ಟಿ ಬದುಕುವುದನ್ನು ಕಲಿಸಿದ್ದಾರೆ. ಈಗ ಸಾರಿಗೆ ಉಪ್ಪು ಕೇಳುವುದಕ್ಕೂ ಪಿಸುಮಾತು. ನೇಪಲ್ಸ್‌ನ ಅಡುಗೆಯವ ಕಾರ್ಮಿನೆಗೆ ಇದನ್ನೇ ಹೇಳಿದೆ.

“ಅಜ್ಜ, ನಾನು ಆಗ್ಲೇ ಮೂರು ಸಲ ಕೂಗ್ದೆ. ಕಿವೀನ ಮನೇಲಿ ಬಿಟ್ಟು ಬಂದ್ಯಾ?”

“ನೇಪಲ್ಸ್‌ನವರು ಕೂಗೋದು ಕೇಳಿ ಕೇಳಿ ಅದೇ ಓಡಿಹೋಯ್ತಪ್ಪ.”

ಎಲ್ಲರೂ ನಕ್ಕರು. ಲಿವೋರ್ನೊದವನ ಬಾಯಿಗೆ ಎದುರಿಲ್ಲ.

14 ಅಕ್ಟೋಬರ್, ಮಂಗಳವಾರ. ಸಮುದ್ರದಲ್ಲಿ

ಇಂಥ ಅವಕಾಶ ಹತ್ತು ವರ್ಷಕ್ಕೊಮ್ಮೆ ಎಂದು ಕಮಾಂಡರೇ ಹೇಳಿದರು. ಬೆಂಗಾವಲಿನ ಬೇಲಿಯ ಕೆಳಗೇ ನುಸುಳಿದೆವು. ಮಹಾನೌಕೆ ನೇರವಾಗಿ ನಮ್ಮ ಮುಂದೆ ಅಡ್ಡ ಬಂತು. ಸಾವಿರದ ಮುನ್ನೂರು ಮೀಟರ್.

“ಪ್ರಾಟಿ, ಎಣಿಕೆ ಕೊಡಿ.”

“ನಲವತ್ತೊಂದು.”

“ಇನ್ನೊಂದ್ಸಲ.”

“ನಲವತ್ತೊಂದೇ, ಕಮಾಂಡರ್.”

ಕೋಷ್ಟಕದಲ್ಲಿ ನಲವತ್ತೊಂದಕ್ಕೆ ಹದಿನಾಲ್ಕು ನಾಟ್. ಅಪ್ಪಣೆ ಮೀರಿ ಎರಡು ಟಾರ್ಪೆಡೊ ಬಿಟ್ಟರು. ಎರಡೂ ಅದರ ಹಿಂದಿನಿಂದ ಹೋದವು. ಹದಿನೈದು ಮಾರು ಮುಂದೆ ಹೋಗಿದ್ದರೆ ಸಾಕಿತ್ತಂತೆ. ಟಾರ್ಪೆಡೊ ಮುಖ್ಯಸ್ಥ ನಜಾರೆನೊ ಗೋಡೆಗೆ ಹಣೆ ಇಟ್ಟುಕೊಂಡು ನಿಂತುಬಿಟ್ಟ. ಆ ಟಾರ್ಪೆಡೊಗಳನ್ನು ಹಸುಗಳ ಹಾಗೆ ಮೈಯುಜ್ಜಿ ಸಾಕಿದ್ದ ಪಾಪ.

ತಪ್ಪು ಎಲ್ಲಿ? ನನ್ನ ಅನುಮಾನ ಕೋಷ್ಟಕದ ಮೇಲೆ. ಆ ಕಾಗದ ತಯಾರಿಸಿದವನು ಸಮುದ್ರವನ್ನು ಬಚ್ಚಲಲ್ಲಿ ನೋಡಿರಬೇಕು.

22 ಅಕ್ಟೋಬರ್, ಬುಧವಾರ

ಮತ್ತೊಂದು ಮಹಾನೌಕೆ. ನಲವತ್ತೊಂದು, ನಲವತ್ತೆರಡು. ಕಮಾಂಡರ್ ಪೆರಿಸ್ಕೋಪಿನಿಂದ ಮುಖ ತೆಗೆದು ನನ್ನನ್ನೊಮ್ಮೆ ನೋಡಿದರು. ಹದಿನಾಲ್ಕು ನಾಟ್ ಎಂದು ಲೆಕ್ಕಕ್ಕೆ ಕೊಟ್ಟರು. ಈ ಸಲ ಒಟ್ಟಿಗೆ ನಾಲ್ಕು.

ನಾಲ್ಕು ಟಾರ್ಪೆಡೊ ಒಮ್ಮೆಗೇ ಹೋದರೆ ದೋಣಿಯ ಮುಂಭಾಗ ಆರು ಟನ್ನು ಹಗುರವಾಗುತ್ತದೆ. ಮೂತಿ ಮೇಲೆದ್ದಿತು. “ಎಲ್ಲ ಮುಂದಕ್ಕೆ ಓಡ್ರೋ!” ಎಂದು ನಜಾರೆನೊ ಅರಚಿದ, ಅದು ನನಗೂ ಕೇಳಿಸಿತು. ಇಪ್ಪತ್ತು ಜನ ಭಾರಕ್ಕಾಗಿ ಮುಂದಕ್ಕೆ ಓಡಿದರು. ಕಾರ್ಮಿನೆ ಬೀನ್ಸ್ ಸಾರಿನ ಪಾತ್ರೆ ಹಿಡಿದುಕೊಂಡೇ ಓಡಿದ, ಅದನ್ನೂ ಭಾರಕ್ಕೆ ಸೇರಿಸಿದನೋ ಏನೋ. ಆದರೂ ಹಗಲು ಹತ್ತು ಗಂಟೆಗೆ ಇಂಗ್ಲಿಷ್ ನೌಕಾಪಡೆಯ ನಡುವೆ ನಮ್ಮ ಮೂತಿ ತಿಮಿಂಗಿಲದ ಹಾಗೆ ನೀರಿನಿಂದ ಹೊರಬಂತು. ಆಮೇಲಿನ ಆರು ಗಂಟೆಗಳ ಬಗ್ಗೆ ಬರೆಯುವುದಿಲ್ಲ.

ನಾಲ್ಕೂ ಹಿಂದಿನಿಂದ ಹೋದವು.

8 ನವೆಂಬರ್, ಶನಿವಾರ. ಪೋರ್ತೊಲಾಗೊ

ರಕ್ತ ಕುದಿಯುತ್ತಿದೆ. ರೋಮಿನಿಂದ ವಿಚಾರಣೆಗೆ ಒಬ್ಬ ಹಿರಿಯ ಅಧಿಕಾರಿ ಬಂದಿದ್ದಾನೆ. ಏಳು ಟಾರ್ಪೆಡೊ, ಮೂರು ಮಹಾನೌಕೆ, ಒಂದು ಗೀರೂ ಇಲ್ಲ. ಅದಕ್ಕೆ ಅವನ ವಿವರಣೆ: ತಾಸ್ಕಾ ಬೇಕೆಂದೇ ತಪ್ಪು ವೇಗಕ್ಕೆ ಗುರಿಯಿಟ್ಟು, ಕೆಲಸ ಮುಗಿಸಿದ ಶಾಸ್ತ್ರ ಮಾಡಿ ತಪ್ಪಿಸಿಕೊಂಡು ಬಂದಿದ್ದಾರೆ. ದಾಖಲೆಯಲ್ಲಿ ‘ಆಕ್ರಮಣದ ಕೆಚ್ಚಿಲ್ಲ’ ಎಂದು ಬರೆದು ದೋಣಿ ಕಿತ್ತುಕೊಳ್ಳುತ್ತಾರಂತೆ. ಜಲಾಂತರ್ಗಾಮಿಯ ಕಮಾಂಡರ್ ಒಬ್ಬನ ಮೇಲೆ ಆ ಮಾತು ಬಿದ್ದರೆ ಅವನ ಮಗನ ಮದುವೆಯವರೆಗೂ ಹಿಂಬಾಲಿಸುತ್ತದೆ. ಬೆಂಗಾವಲಿನ ಕೆಳಗೆ ನುಸುಳಿದವರಿಗೆ ಕೆಚ್ಚಿಲ್ಲ! ಕುರ್ಚಿಯಿಂದ ಏಳದವನಿಗಿದೆ!

ಹನ್ನೆರಡು ಪುಟದ ಮನವಿ ಬರೆದಿದ್ದೇನೆ. ಮೊದಲನೆಯದು ಬಿಟ್ಟರೆ ಆರು ಟಾರ್ಪೆಡೊಗಳೂ ಒಂದೇ ಅಳತೆಯಲ್ಲಿ ಹಿಂದಿನಿಂದ ಹೋದವು. ಗುರಿ ತಪ್ಪುವವನು ಒಮ್ಮೆ ಹಿಂದೆ, ಒಮ್ಮೆ ಮುಂದೆ ತಪ್ಪುತ್ತಾನೆ. ಒಂದೇ ಕಡೆಗೆ ತಪ್ಪಿದರೆ ದೋಷ ಅಳತೆಗೋಲಿನಲ್ಲಿದೆ. ಅಂದರೆ ಕೋಷ್ಟಕದಲ್ಲಿ. ಪರೀಕ್ಷೆ ಮಾಡಿ ಎಂದು ಕೇಳಿದ್ದೇನೆ: ನಮ್ಮದೇ ಹಡಗೊಂದು ಕೊಲ್ಲಿಯ ಬಾಯಲ್ಲಿ ಓಡಲಿ, ಅದರ ಎಂಜಿನ್ ಕೋಣೆಯಲ್ಲಿ ಪ್ರೊಪೆಲ್ಲರಿನ ಸುತ್ತು ಬರೆದಿಡಲಿ, ನಾನು ಇಲ್ಲಿ ಎಣಿಸುತ್ತೇನೆ. ಎಣಿಕೆ ಸರಿ, ಕೋಷ್ಟಕ ಸುಳ್ಳು ಎಂದು ಸಾಬೀತಾಗುತ್ತದೆ.

ಕಮಾಂಡರಿಗೆ ಓದಿ ಹೇಳಿದೆ. “ಇದನ್ನ ಕೊಡ್ಬೇಡಿ, ಪ್ರಾಟಿ” ಎಂದರು. ಯಾಕೆಂದು ಕೇಳಿದರೆ ಕಿಟಕಿಯ ಕಡೆ ತಿರುಗಿಕೊಂಡರು. ಇಂಥ ಸಂಭಾವಿತರಿಂದಲೇ ಈ ದೇಶ ಹಾಳಾದದ್ದು. ಕೊಟ್ಟೇಬಿಟ್ಟೆ.

11 ನವೆಂಬರ್, ಮಂಗಳವಾರ

ಪರೀಕ್ಷೆ ಶುರುವಾಯಿತು. ಸಾಕ್ಷಿಗೆಂದು ಇನ್ನೊಂದು ದೋಣಿಯಿಂದ ಎಫಿಸಿಯೊ ಎಂಬ ಸಾರ್ಡಿನಿಯದವನನ್ನು ಕಳಿಸಿದ್ದಾರೆ, ಅವನೂ ಕೇಳುವ ಕೆಲಸದವನೇ. ಓಂಬ್ರಿನಾದ ಯಂತ್ರ ಒಂದೇ. ಅದಕ್ಕೆ ಎರಡು ಹೆಡ್‌ಫೋನ್ ಸಿಕ್ಕಿಸಿ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂತು ಎಣಿಸಿ, ಚೀಟಿಯಲ್ಲಿ ಬರೆಯಬೇಕು.

ಮೊದಲ ಓಟ: ಎಂಜಿನ್ ಕೋಣೆಯಲ್ಲಿ ಅರವತ್ತು. ಎಫಿಸಿಯೊ ಅರವತ್ತು. ನಾನು ನಲವತ್ತಾರು.

ಎರಡನೆಯದು: ಎಂಜಿನ್ ಕೋಣೆಯಲ್ಲಿ ಐವತ್ತೆರಡು. ಅವನು ಐವತ್ತೊಂದು. ನಾನು ಮೂವತ್ತೊಂಬತ್ತು.

ನೇರವಾಗಿಯೇ ಕೇಳಿದೆ: “ಉತ್ತರ ಮೊದಲೇ ಹೇಳಿಕೊಟ್ಟು ಕಳಿಸಿದ್ರೇನಪ್ಪ?”

ಅವನು ಕೆಂಪಾದ. “ನಿಮ್ ವಯಸ್ಸಿಗೆ ಮರ್ಯಾದೆ ಕೊಟ್ಟು ಸುಮ್ನಿದೀನಿ, ಯಜಮಾನ್ರೆ. ಸಾರ್ಡಿನಿಯದೋರಿಗೆ ಎಣಿಸೋಕೆ ಯಾರೂ ಹೇಳ್ಕೊಡ್ಬೇಕಾಗಿಲ್ಲ.”

“ಹಾಗಾದ್ರೆ ನಾಳೆ ಹೆಡ್‌ಫೋನ್ ಅದಲುಬದಲು ಮಾಡ್ಕೊಳ್ಳೋಣ.”

“ಆಗ್ಲಿ. ಬೇಕಾದ್ರೆ ತಲೇನೂ ಅದಲುಬದಲು ಮಾಡ್ಕೊಳ್ಳೋಣ.”

ಒಳಸಂಚು ಸ್ಪಷ್ಟವಾಗಿದೆ. ರೋಮಿನವರಿಗೆ ತಮ್ಮ ಕೋಷ್ಟಕ ಉಳಿಯಬೇಕು.

12 ನವೆಂಬರ್, ಬುಧವಾರ

ಅದಲುಬದಲು ಮಾಡಿಕೊಂಡೆವು. ಬೆನ್ನಿಗೆ ಬೆನ್ನು ಬೇಡ, ಎದುರುಬದುರು ಕೂರೋಣ ಎಂದು ನಾನೇ ಹಟ ಹಿಡಿದೆ, ಅವನ ಮೇಲೆ ಕಣ್ಣಿಡಲು. ಹಡಗು ಈ ಸಲ ನಿಧಾನವಾಗಿ, ದೂರದಿಂದ ಬರುವುದಿತ್ತು.

ನೀರಿನ ಸದ್ದು ಮಾತ್ರ ಇತ್ತು. ಹಡಗಿನ್ನೂ ಹೊರಟಿಲ್ಲ ಎಂದುಕೊಂಡೆ. ತಲೆಯೆತ್ತಿ ನೋಡಿದರೆ ಎಫಿಸಿಯೊ ಕಣ್ಣು ಮುಚ್ಚಿಕೊಂಡಿದ್ದ. ಅವನ ಪೆನ್ಸಿಲ್ ಮೇಜಿನ ಮೇಲೆ ಕುಟ್ಟುತ್ತಿತ್ತು. ಒಂದೇ ಸಮನೆ, ಬಿಡದೆ. ನನಗೆ ಅದರ ಸದ್ದೂ ಬರಲಿಲ್ಲ.

ಕಣ್ಣು ತೆರೆದು ನನ್ನ ಖಾಲಿ ಚೀಟಿ ನೋಡಿದ. ಹೆಡ್‌ಫೋನ್ ತೆಗೆದ. ನನ್ನದನ್ನೂ ಅವನೇ ತೆಗೆದ, ಮೆಲ್ಲಗೆ, ಮಗುವಿನ ಟೋಪಿ ತೆಗೆದ ಹಾಗೆ.

“ಯಾವಾಗಿಂದ?” ಎಂದ.

ಗೊತ್ತಿಲ್ಲ ಎಂದೆ. ಗೊತ್ತಿತ್ತು. ಸೆಪ್ಟೆಂಬರ್ ಹದಿನೇಳು, ಬಾಂಬು ಬಿದ್ದ ದಿನ.

13 ನವೆಂಬರ್

ಗಟ್ಟಿ ಬಡಿತ ಕೇಳಿಸುತ್ತದೆ, ಮೆತ್ತಗಿನದು ಇಲ್ಲ. ನಾಲ್ಕರಲ್ಲಿ ಒಂದು ಬಿಟ್ಟುಹೋಗುತ್ತದೆ. ಐವತ್ತೈದರಲ್ಲಿ ಕಾಲು ಭಾಗ ಕಳೆದರೆ ನಲವತ್ತೊಂದು. ಕೋಷ್ಟಕ ಸರಿಯಾಗಿಯೇ ಇದೆ.

ಎಫಿಸಿಯೊ ಮಧ್ಯಾಹ್ನ ಸಿಗರೇಟು ತಂದುಕೊಟ್ಟು ಪಕ್ಕದಲ್ಲಿ ಕೂತ. ಅವನ ಬಾಯಿ ನೋಡುತ್ತಿದ್ದರೆ ಮಾತು ಅರ್ಥವಾಗುತ್ತದೆ. ನೋಡುವ ಅಭ್ಯಾಸ ನನಗೆ ಯಾವಾಗ ಆಯಿತೋ.

“ಆ ಅಧಿಕಾರಿ ಮೇಲಿದ್ದ, ಏನೂ ನೋಡಿಲ್ಲ. ನಿಮ್ ಹೆಡ್‌ಫೋನ್ ತಂತಿಗೆ ಉಪ್ಪುನೀರು ಸೇರಿತ್ತು ಅಂತ ನಾನು ಬರೀತೀನಿ. ಯಾರ್ ತಪ್ಪೂ ಅಲ್ಲ.”

“ತಂತಿಗೆ ನೀರು ಸೇರಿದ್ರೆ ಕಮಾಂಡರ್ ಯಾಕೆ ಪರೀಕ್ಷೆ ಮಾಡಿಸಿಲ್ಲ ಅಂತಾರೆ. ದೋಣಿ ಹೋಗುತ್ತೆ ಅವರದು.”

“ನಿಜ ಹೇಳಿದ್ರೆ ನಿಮ್ಮ ತಲೆ ಹೋಗುತ್ತೆ, ಯಜಮಾನ್ರೆ. ಬೇಕಂತಲೇ ತಪ್ಪೆಣಿಸಿದ್ರಿ ಅಂದ್ರೆ? ಬಾಯಿ ಸುಮ್ನಿರದೋರು ಅಂತ ಇಡೀ ಬಂದರಿಗೆ ಗೊತ್ತು ನೀವು. ಆ ವಾರ್ತೆ ಲೆಕ್ಕ ಎಲ್ಲರ ಮುಂದೆ ಓದ್ತೀರಂತೆ.”

ಅದು ನನಗೆ ಹೊಳೆದಿರಲಿಲ್ಲ. ಸರ್ಕಾರವನ್ನು ಬಯ್ಯುವವನು ಇಂಗ್ಲಿಷ್ ಹಡಗು ಉಳಿಸಿದ. ಕೋವಿ ಸಾಲಿನ ಮುಂದೆ ನಿಲ್ಲಿಸಲು ಇಷ್ಟು ಸಾಕು.

ಇಡೀ ಮಧ್ಯಾಹ್ನ ಅಲ್ಲೇ ಕೂತಿದ್ದೆ. ಬೇರೆಯವರ ಒಂದೊಂದು ಸುಳ್ಳಿಗೂ ತಾರೀಕು ಹಾಕಿದವನು. ಹೆದರಿದ್ದೆ ಎಂದು ಇಲ್ಲಿಯಾದರೂ ಬರೆಯುತ್ತೇನೆ.

14 ನವೆಂಬರ್, ಶುಕ್ರವಾರ

ನಿಜ ಬರೆದುಕೊಟ್ಟೆ. ಒಂದೇ ಪುಟ.

ಅಧಿಕಾರಿ ಎರಡು ಸಲ ಓದಿದ. ವೈದ್ಯರನ್ನು ಕರೆಸಿದ, ಈ ಸಲ ಕಿವಿಯನ್ನೇ ನೋಡಿದರು. ಎರಡೂ ತಮಟೆ ಹರಿದಿವೆಯಂತೆ, ಎಡದ್ದು ಪೂರ್ತಿ. ಬಾಂಬು ಸಿಡಿಯುವಾಗ ನಿಯಮ ಮೀರಿ ಹೆಡ್‌ಫೋನ್ ಯಾಕೆ ತೆಗೆಯಲಿಲ್ಲ ಎಂದು ಅಧಿಕಾರಿ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಕಮಾಂಡರ್ ಎದ್ದು ನಿಂತರು.

“ನಾನು ಕೇಳಿದ್ದೆ, ಅದಕ್ಕೆ. ನಲವತ್ತೇಳು ಜನ ಬದುಕಿದ್ದೂ ಅದಕ್ಕೇ. ಬೇಕಿದ್ರೆ ಒಬ್ಬೊಬ್ಬರನ್ನೇ ಕರೆಸಿ ಎಣಿಸ್ಕೊಳ್ಳಿ.”

ಅಧಿಕಾರಿ ಬಹಳ ಹೊತ್ತು ಏನೋ ಬರೆದ. ಕುರ್ಚಿಯಿಂದ ಏಳದವನು ಎಂದು ನಾನು ಬರೆದಿದ್ದ ಆ ಮನುಷ್ಯನಿಗೆ ಒಂದು ಕಾಲು ಮರದ್ದು. ಏಳುವಾಗ ಕಂಡಿತು. ಯಾವ ಯುದ್ಧದಲ್ಲಿ ಎಂದು ಕೇಳಲಿಲ್ಲ.

ದೋಣಿ ತಾಸ್ಕಾ ಅವರ ಬಳಿಯೇ ಉಳಿಯುತ್ತದೆ. ಕೆಚ್ಚಿನ ಮಾತು ಹೊಡೆದುಹಾಕಿದರು. ನನ್ನನ್ನು ಊರಿಗೆ ಕಳಿಸುತ್ತಾರೆ, ಬೇರೇನೂ ಮಾಡುವುದಿಲ್ಲವಂತೆ.

ಹೊರಗೆ ಬಂದ ಮೇಲೆ ಕಮಾಂಡರನ್ನು ಕೇಳಿದೆ: “ಮನವಿ ಕೊಡಬೇಡಿ ಅಂದ್ರಿ. ನಿಮಗೆ ಗೊತ್ತಿತ್ತಾ?”

ಬಲಗಿವಿಯ ಕಡೆಗೆ ಬಂದು ನಿಂತರು. “ಎರಡನೇ ಸಲ ಅನುಮಾನ ಬಂತು. ಅದರ ಮೂತಿಯ ಮುಂದಿನ ನೊರೆ ನೋಡಿದ್ರೆ ಹದಿನೆಂಟು ಇರಬೇಕು ಅನ್ನಿಸ್ತು ನನಗೆ.”

“ಹಾಗಾದ್ರೆ ಮೂರನೇ ಸಲ ಹದಿನಾಲ್ಕಕ್ಕೆ ಯಾಕೆ ಬಿಟ್ರಿ?”

“ನನ್ನ ಕಣ್ಣು ಹದಿನೆಂಟು ಅಂತು. ನಿಮ್ಮ ಕಿವಿ ಹದಿನಾಲ್ಕು ಅಂತು. ನಿಮ್ಮ ಕಿವಿ ನಮ್ಮನ್ನ ಬದುಕಿಸಿತ್ತಲ್ಲ, ಪ್ರಾಟಿ. ನಾನು ನಿಮ್ಮನ್ನೇ ನಂಬಿದೆ.”



19 ನವೆಂಬರ್, ಬುಧವಾರ

ಇಂದು ವಾರ್ತೆಯ ಹೊತ್ತಿಗೆ ಎಲ್ಲರೂ ರೇಡಿಯೊ ಸುತ್ತ ಸೇರಿದರು. ನಾನು ಹೋಗಲಿಲ್ಲ. ಎಫಿಸಿಯೊನನ್ನು ಓಂಬ್ರಿನಾಗೆ ಹಾಕಿದ್ದಾರೆ. ಅವನ ಜೊತೆ ಯಂತ್ರದ ಮುಂದೆ ಕೂತಿದ್ದೆ. ಮಹಾನೌಕೆಯ ಬಡಿತ ಬೆಂಗಾವಲಿನ ಸದ್ದಿನಡಿಯಲ್ಲಿ ಹೇಗೆ ಹುದುಗಿರುತ್ತದೆ, ಅದನ್ನು ಹೇಗೆ ಬಿಡಿಸಿ ತೆಗೆಯಬೇಕು ಎಂದೆಲ್ಲ ಹೇಳಿಕೊಟ್ಟೆ. ಹೊಲಿಗೆಯಲ್ಲಿ ಬೇರೆ ಬಣ್ಣದ ದಾರ ಹುಡುಕಿದ ಹಾಗೆ. ಬಾಂಬಿನ ಹೊತ್ತಿಗೆ ಹೆಡ್‌ಫೋನ್ ತೆಗಿ, ಯಾರು ಕೇಳಿದರೂ ತೆಗಿ ಎಂದೆ.

“ನೀವು ತೆಗೀಲಿಲ್ವಲ್ಲ.”

“ನನ್ನ ಮಾತು ಕೇಳು, ನನ್ನನ್ನ ನೋಡ್ಬೇಡ.”

ಕಾರ್ಮಿನೆ ದಾರಿಗೆಂದು ಒಂದು ಇಡೀ ಸಾಲಾಮಿ ಕೊಟ್ಟ. ಏನೋ ತಮಾಷೆ ಮಾಡಿದ. ಮೀಸೆಯ ಮರೆಯಲ್ಲಿ ತುಟಿ ಕಾಣಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ.

21 ನವೆಂಬರ್, ಶುಕ್ರವಾರ

ಬೆಳಿಗ್ಗೆ ಎಂಟಕ್ಕೆ ಓಂಬ್ರಿನಾ ಹೊರಟಿತು. ನಾನು ಕಟ್ಟೆಯ ಮೇಲೆ ನಿಂತಿದ್ದೆ. ಎಂಜಿನ್ ಶುರುವಾದದ್ದು ಪಾದಗಳಿಗೆ ತಿಳಿಯಿತು. ಹಗ್ಗ ಬಿಚ್ಚಿದರು. ಕಮಾಂಡರ್ ಮೇಲೆ ನಿಂತಿದ್ದರು, ಕೊರಳಿಗೆ ಬೂದುಬಣ್ಣದ ಮಫ್ಲರ್.

ಕಟ್ಟೆಯಿಂದ ಇಪ್ಪತ್ತು ಮಾರು ದಾಟಿದ ಮೇಲೆ ಅವರು ನನ್ನ ಕಡೆ ತಿರುಗಿ, ಎರಡೂ ಕೈಗಳನ್ನು ಬಾಯಿಗೆ ಹಿಡಿದು ಏನೋ ಕೂಗಿದರು. ಉದ್ದವಾದ ಮಾತೇ ಇರಬೇಕು. ಕೈ ಅಡ್ಡ ಇದ್ದುದರಿಂದ ತುಟಿಗಳೂ ಕಾಣಲಿಲ್ಲ. ಮುಗಿಸಿ, ಕೈ ಇಳಿಸಿ, ಉತ್ತರಕ್ಕೆ ಕಾದರು.

ಕೇಳಿಸಿತು ಎಂಬಂತೆ ಟೋಪಿ ಎತ್ತಿ ಬೀಸಿದೆ. ಅವರ ಮುಖ ಅರಳಿತು. ಮುಂದಕ್ಕೆ ತಿರುಗಿಕೊಂಡರು.